ಕಂಬಿಯ ಈಚೆಗೊಂದು ಪಂಕ್ಚರ್ ಅಂಗಡಿ

ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಕಲ್ಲು ಎಳೆದುಕೊಂಡೆ. ಬೇರೆ ಯಾರನ್ನೂ ಬೈಯುವ ಹಾಗಿಲ್ಲ, ಆದರೂ ದಿನಾ ಬೈಯುತ್ತೇನೆ.

ಎರಡು ವರ್ಷದ ಹಿಂದೆ, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗಿಯೊಬ್ಬಳು ಅಂಗಡಿಗೆ ಬಂದು, "ಅಂಕಲ್, ದಿನಕ್ಕೆ ಎಷ್ಟು ಗಾಡಿ ಬರುತ್ತೆ?" ಎಂದಳು. ತೆರಿಗೆಯವಳೇ ಇರಬೇಕು ಎಂದುಕೊಂಡೆ. ಕಾಗದ ಹಿಡಿದು ಬಂದವರಿಗೆ ನಮ್ಮ ಸಾಲಿನ ಅಂಗಡಿಯವರೆಲ್ಲ ಹೇಳುವುದು ಒಂದೇ: ವ್ಯಾಪಾರವೇ ಇಲ್ಲ.

"ಗಾಡಿ ಎಲ್ಲಿಂದ ಬರ್ಬೇಕಮ್ಮ? ನೊಣ ಹೊಡೀತಾ ಕೂತಿದೀನಿ" ಎಂದೆ. ಆಗ ಬಾಗಿಲಲ್ಲೇ ನಾಲ್ಕು ಗಾಡಿ ನಿಂತಿದ್ದವು. ಅವು ಪಕ್ಕದ ಬೀಗದ ಅಂಗಡಿಯವು ಎಂದೆ. ಅವಳು ಬರೆದುಕೊಂಡಳು, ನಾನು ಜಾಣನ ಹಾಗೆ ರುಜು ಹಾಕಿದೆ.

ಆಮೇಲೆ ಅಂಗಡಿ ಮುಂದಿನ ಸಿಗ್ನಲ್ ಕಿತ್ತು ಹೊಸ ಸರ್ಕಲ್ ಕಟ್ಟಿದರು. ಮೂಲೆ ಮೂಲೆಗೂ ಕಬ್ಬಿಣದ ಕಂಬಿ, ಫುಟ್‌ಪಾತಿನ ಎರಡೂ ತುದಿಗೆ ಗಾಡಿ ಹತ್ತದ ಹಾಗೆ ಗೂಟದ ಕಲ್ಲು. ಆ ಹುಡುಗಿ ಬರೆದುಕೊಂಡು ಹೋದ ಲೆಕ್ಕ ನೋಡಿ, ಗಾಡಿ ಬರುವ ಅಂಗಡಿಗಳ ಮುಂದೆ ದಾರಿ ಬಿಟ್ಟರು. ಪೇಂಟ್ ಅಂಗಡಿಗೆ ಬಿಟ್ಟರು, ಸಿಮೆಂಟಿನವನಿಗೂ ಬಿಟ್ಟರು. ನನಗೆ ಮಾತ್ರ ಇಲ್ಲ. ಅಂಗಡಿ ಮಾರೋಣವೆಂದರೆ ಕೊಳ್ಳಲು ಬಂದವರು ಕಂಬಿ ನೋಡಿ ಹಾಗೇ ತಿರುಗುತ್ತಾರೆ. ಮೇಲಿನ ಒಂದು ಕೋಣೆಯೇ ನಮ್ಮ ಮನೆ, ಬಿಟ್ಟು ಹೋಗುವುದಾದರೂ ಎಲ್ಲಿಗೆ?

"ಕಳ್ಳತನ ಮಾಡಿದವ್ರೂ ಇಷ್ಟು ದಿನ ಕಂಬಿ ಎಣಿಸಲ್ಲ ಕಣ್ರೀ" ಎಂದಳು ನನ್ನ ಹೆಂಡತಿ. ನಕ್ಕೆ.

ಕೊನೆಗೆ ಸರ್ಕಲ್ ಕಟ್ಟಿಸಿದ ಎಂಜಿನಿಯರ್ ಕಚೇರಿಗೆ ಹೋದೆ. ಅವರು ಹಳೆಯ ಹಾಳೆ ತೆಗೆದು, "ರುಜು ನಿಮ್ದೇ ಅಲ್ವಾ?" ಎಂದರು.

"ಸುಳ್ಳು ಹೇಳ್ಬಿಟ್ಟೆ ಸಾರ್."

"ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದೋ, ನಂಗೆ ಹೇಗ್ರೀ ಗೊತ್ತಾಗ್ಬೇಕು?" ಪಾಪ, ಕೆಟ್ಟ ಮನುಷ್ಯನಲ್ಲ. "ಸೋಮವಾರ ಮತ್ತೆ ಎಣಿಸೋಕೆ ಕಳಿಸ್ತೀನಿ. ಸಂಜೆ ಐದರೊಳಗೆ ಹತ್ತು ಗಾಡಿ ನಿಮ್ಮ ಅಂಗಡಿಗೆ ಅಂತ ಕಂಬಿ ಪಕ್ಕ ಬಂದು ನಿಂತ್ರೆ, ಅಲ್ಲಿ ದಾರಿ ಬಿಡಿಸ್ತೀನಿ. ಇಲ್ಲಾಂದ್ರೆ ಫೈಲ್ ಮುಚ್ಚಿದ ಹಾಗೇ."

ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡಿದೆ. "ಸೋಮವಾರ ಬನ್ನಿ, ನಿಮ್ಗೆ ಕೈ ಮುಗೀತೀನಿ, ಅಂಗಡಿ ಉಳೀಬೇಕು" ಎಂದೆ. ಗಾಡಿ ಎಣಿಸುತ್ತಾರೆ ಎಂದು ಹೇಳಲಿಲ್ಲ. ಹೇಳಿದ್ದರೆ ನನ್ನ ಸುಳ್ಳನ್ನೂ ಹೇಳಬೇಕಾಗುತ್ತಿತ್ತು. ಹಾಳು ಮರ್ಯಾದೆ!

ಸೋಮವಾರ ಅದೇ ಹುಡುಗಿ ಬಂದು ಸ್ಟೂಲ್ ಹಾಕಿಕೊಂಡು ಕೂತಳು. ನಾಲ್ಕೂವರೆಯವರೆಗೆ ನರಪಿಳ್ಳೆಯೂ ಇಲ್ಲ. ಆಗ ಫುಟ್‌ಪಾತಿನ ತುದಿಯ ಗೂಟದ ಕಲ್ಲು ದಾಟಿ ಹಳೆಯ ಗಿರಾಕಿ ಆಟೋ ಅಣ್ಣ ಬಂದ, ಚಕ್ರ ಉರುಳಿಸಿಕೊಂಡು. ಅವನ ಹಿಂದೆ ಹಾಲಿನವನು, ಹೆಗಲ ಮೇಲೆ ಚಕ್ರ. ಅವನ ಹಿಂದೆ ನನ್ನ ಮಗಳಿಗೆ ಪಾಠ ಹೇಳಿದ ಟೀಚರ್, ಸ್ಕೂಟರಿನ ಚಕ್ರ ಎದೆಗವಚಿಕೊಂಡು, ಸೀರೆಗೆಲ್ಲ ಮಸಿ. ಒಟ್ಟು ಹನ್ನೊಂದು ಜನ.

"ಗಾಡಿ ಎಲ್ರಪ್ಪಾ?" ಎಂದು ಕಿರುಚಿದೆ.

"ಅಲ್ಲೇ ದೂರ, ಚಕ್ರ ಬಿಚ್ಚಿ ಕೆಳಗೆ ಕಲ್ಲು ಕೊಟ್ಟು ನಿಲ್ಸಿದೀವಿ" ಎಂದ ಆಟೋ ಅಣ್ಣ. "ಇಲ್ಲಿ ನಿಲ್ಸಿದ್ರೆ ಪೊಲೀಸ್ರು ನಿನ್ನ ಮೇಲೆ ಬರ್ತಾರೆ. ನಿಂಗ್ಯಾಕೆ ತೊಂದ್ರೆ ಅಂತ ಎಲ್ರೂ ಮಾತಾಡ್ಕೊಂಡು ಬಂದ್ವಿ."

ನಾನು ಹುಡುಗಿಯ ಹತ್ತಿರ ಓಡಿದೆ. "ಅಮ್ಮಾ, ಇವೆಲ್ಲಾ ಗಾಡಿ ಚಕ್ರಾನೇ ಅಲ್ವಾ? ಬರ್ಕೋ ತಾಯಿ."

"ಬಾಯಿಮಾತು ಬರೀಬೇಡ, ಕಣ್ಣಲ್ಲಿ ಕಂಡ ಗಾಡಿ ಮಾತ್ರ ಬರಿ ಅಂದಿದ್ದಾರೆ ಅಂಕಲ್." ಅವಳ ಕಣ್ಣೂ ತುಂಬಿತ್ತು. ಹಾಳೆಯಲ್ಲಿ ಬರೆದಿದ್ದಳು: ಗಾಡಿ ಸೊನ್ನೆ, ನಡೆದು ಬಂದವರು ಹನ್ನೊಂದು. ಐದಕ್ಕೆ ಸ್ಟೂಲ್ ಮಡಚಿಕೊಂಡು ಹೊರಟಳು.

"ನೋಡಿದ್ಯೇನಪ್ಪ, ನಿನ್ನ ಕೈ ಬಿಡ್ತೀವಾ ನಾವು? ಅಂಗಡಿ ಉಳೀತು ತಾನೇ?" ಎಂದರು ಟೀಚರ್, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಉಳೀತು ಟೀಚರ್" ಎಂದೆ.

ಅವರ ಟ್ಯೂಬ್ ಬಿಚ್ಚಿ, ಗಾಳಿ ತುಂಬಿ, ತೊಟ್ಟಿಯ ನೀರಿನಲ್ಲಿ ಮುಳುಗಿಸಿದೆ. ಸುತ್ತ ತಿರುಗಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಉಳಿದವರದ್ದೂ ಅಷ್ಟೇ, ಯಾರ ಚಕ್ರವೂ ಪಂಕ್ಚರ್ ಆಗಿರಲಿಲ್ಲ. ಕತ್ತೆತ್ತದೆ ಹನ್ನೊಂದಕ್ಕೂ ತೇಪೆ ಹಾಕಿ ಕೊಟ್ಟೆ.