ಬಿಟ್ಟುಕೊಟ್ಟ ಗುಟ್ಟು

ತಿರುಪ್ಪೂರಿನ ತಮ್ಮ ಬನಿಯನ್ ಕಂಪನಿಯ ಡಿಸೈನ್ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಭೂಮಿ ಬಾಯಿಬಿಟ್ಟು ಕೇಳಿದ್ದಳು. ಅತ್ತೆಯ ಹತ್ತಿರ ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಈ ಕಾರ್ಡನ್ನ ನಡೆಸೋ ಡ್ರೈವರ್ ಸಾಫ್ಟ್‌ವೇರಿನ ಒಳಗುಟ್ಟನ್ನೆಲ್ಲ ತಯಾರಿಸಿದವರೇ ಪುಕ್ಕಟೆ ಬಿಟ್ಟುಕೊಟ್ಟಿದ್ದಾರೆ. ನಿಮ್ಮ ಲಿನಕ್ಸಿಗೆ ಚೆನ್ನಾಗಿ ಒಗ್ಗುತ್ತೆ," ಎಂದ, ಮಾರಲು ಬಂದಿದ್ದ ಮೆಲ್ವಿನ್.

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಗಿರಿಜಮ್ಮನ ಕಣ್ಣು ಕಿರಿದಾಯಿತು. "ನಮ್ಮ ಪ್ಯಾಟರ್ನನ್ನ ಪಕ್ಕದ ಕಂಪನಿಯವನಿಗೆ ಯಾವಾಗ ಕೊಡ್ತೀವಿ, ಕಣ್ಣು?" ಎಂದು ಸೊಸೆಯನ್ನು ಮುದ್ದಿನಿಂದ ಕರೆದು ಕೇಳಿದಳು.

"ಆ ಮಾದರಿ ಇನ್ನು ಹೊಲಿಯಲ್ಲ ಅಂದಾಗ."

"ಅದನ್ನೇ ಈ ತಂಬೀನ ಕೇಳು."

ಭೂಮಿ ನೆಲ ನೋಡುತ್ತಲೇ ಕೇಳಿದಳು. "ಈ ಕಾರ್ಡ್ ಇನ್ನೂ ತಯಾರಾಗ್ತಿದೆಯಾ?"

ಮೆಲ್ವಿನ್ ಕಾರ್ಡಿನ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದ. "ಸ್ಟಾಕ್ ಇದೆ, ಮೇಡಂ."

"ನಾನು ಕೇಳಿದ್ದು ಅದಲ್ಲ," ಎಂದು ಭೂಮಿ ಡಬ್ಬವನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದಳು.