ನರ್ಸಮ್ಮನ ಬೆಳ್ಳಿ, ನರ್ಸಮ್ಮನ ಕೋಲು

ಮುನಿಗಂಗಮ್ಮನವರ ಕೈಯಲ್ಲಿ ಸದಾ ಒಂದು ಊರುಗೋಲು ಇರುತ್ತಿತ್ತು. ಆದರೆ ಆ ಕೋಲು ನೆಲ ಮುಟ್ಟಿದ್ದನ್ನು ಚಿಂತಾಮಣಿಯಲ್ಲಿ ಯಾರೂ ಕಂಡಿರಲಿಲ್ಲ. ಅವರ ಕಾಲುಗಳಲ್ಲಿ ಯಾವ ಊನವೂ ಇರಲಿಲ್ಲ. ನಲವತ್ತೈದರ ಆ ವಯಸ್ಸಿನಲ್ಲೂ ದಿನಕ್ಕೆ ಐದಾರು ಮೈಲಿ ದಣಿವಿಲ್ಲದೆ ನಡೆಯುವ ಗಟ್ಟಿ ಕಾಲುಗಳು ಅವು. ಬಿಳಿಯ ಸೀರೆ, ಅದರ ಮೇಲೆ ಮೊಣಕಾಲಿನವರೆಗೂ ಇಳಿಬಿದ್ದ ಕಂದು ಬಣ್ಣದ ಕೋಟು, ಬಲಗೈಯಲ್ಲಿ ಹೆರಿಗೆಯ ಚರ್ಮದ ಚೀಲ, ಎಡಗೈಯಲ್ಲಿ ಸರಿಯಾಗಿ ನಡುಮಧ್ಯಕ್ಕೆ ಹಿಡಿದು ಅಡ್ಡಡ್ಡ ಒಯ್ಯುತ್ತಿದ್ದ ಆ ದಿನದ ಕೋಲು. ಆ ದಿನದ ಕೋಲು ಎಂದೆ, ಏಕೆಂದರೆ ಸೋಮವಾರ ಕಂಡದ್ದು ಮಂಗಳವಾರ ಕಾಣುತ್ತಿರಲಿಲ್ಲ. ಸಂತೆಯ ಜನ ಅವರಿಗೆ ದಾರಿ ಬಿಡುತ್ತಿದ್ದುದು ಗೌರವಕ್ಕೋ, ಮೈಲಿಗೆಗೋ, ಅಡ್ಡ ಹಿಡಿದ ಕೋಲು ತಗುಲೀತೆಂಬ ಭಯಕ್ಕೋ ನನಗೆ ಬಹುಕಾಲ ತಿಳಿಯಲಿಲ್ಲ. ಅವರು ಮಾತ್ರ ಬಿಟ್ಟ ದಾರಿಯ ನಟ್ಟನಡುವೆ, ಆತುರವಿಲ್ಲದ ಒಂದೇ ಗತಿಯಲ್ಲಿ, ಮೆರವಣಿಗೆಗೆ ಮುಂದಾಳಾದವರಂತೆ ಸಾಗುತ್ತಿದ್ದರು.

ನಾನು ಪ್ರೌಢಶಾಲೆಯ ಕನ್ನಡ ಮೇಷ್ಟ್ರಾಗಿ ಚಿಂತಾಮಣಿಗೆ ಬಂದದ್ದು ಸಾವಿರದ ಒಂಬೈನೂರ ಐವತ್ತೆರಡರಲ್ಲಿ. ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಮುನಿಗಂಗಮ್ಮನವರನ್ನು ಊರೆಲ್ಲ ನರ್ಸಮ್ಮ ಎಂದೇ ಕರೆಯುತ್ತಿತ್ತು. ಊರಾಚೆಯ ಕೇರಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದಲ್ಲಿ ಒಬ್ಬ ವಿದೇಶಿ ಲೇಡಿ ಡಾಕ್ಟರ ಕೈಕೆಳಗೆ ಕೆಲಸ ಕಲಿತವರು. ಮದುವೆಯಾಗಿರಲಿಲ್ಲ. ಆಗಾಗ ಮಾತಿನ ಕೊನೆಗೆ "ಅಲ್ವಾ ಮತ್ತೆ?" ಎಂದು ಸೇರಿಸುವುದು ಅವರ ಅಭ್ಯಾಸ. ಇನ್ನೊಂದು ವಿಚಿತ್ರವೆಂದರೆ, ಊರಿನ ದೊಡ್ಡವರನ್ನು ಕೆಲವೊಮ್ಮೆ ಏಕವಚನದಲ್ಲಿ ಗದರಿಸುತ್ತಿದ್ದ ಈಕೆ ಆಗತಾನೆ ಹುಟ್ಟಿದ ಕೂಸುಗಳಿಗೆ ಮಾತ್ರ ತಪ್ಪದೆ ಬಹುವಚನ ಹಚ್ಚುತ್ತಿದ್ದರು. "ಬನ್ನಿ ಸ್ವಾಮಿ, ಎಷ್ಟೊತ್ತು ಕಾಯ್ಸೋದು?" ಎಂದು ನೆತ್ತರು ಮೆತ್ತಿದ ಮಗುವನ್ನು ಎತ್ತಿಕೊಂಡು ಕೇಳುವ ದನಿ ಬಾಗಿಲಾಚೆ ನಿಂತ ಗಂಡಸರಿಗೆಲ್ಲ ಪರಿಚಿತವಾಗಿತ್ತು.

ಅವರ ಬಾಡಿಗೆ ಮನೆಯ ಒಂದು ಗೋಡೆಗೆ ಹನ್ನೊಂದು ಕೋಲುಗಳು ಮೊಳೆಗಳ ಮೇಲೆ ಮಲಗಿದ್ದವು. ಮೊದಲನೆಯದನ್ನೂ ಆ ಕಂದು ಕೋಟನ್ನೂ ಲೇಡಿ ಡಾಕ್ಟರು ತಮ್ಮ ದೇಶಕ್ಕೆ ಹಿಂದಿರುಗುವಾಗ ಕೊಟ್ಟಿದ್ದರು. ಅದರ ಹಿಡಿಯನ್ನು ಎರಡು ಹೋಳಾಗಿ ಬಿಡಿಸಿದರೆ ಕೂರಲು ಪುಟ್ಟ ಪೀಠವಾಗುತ್ತಿತ್ತು. ಇನ್ನೊಂದರ ತಲೆ ತಿರುಗಿಸಿದರೆ ಒಳಗೆ ನಶ್ಯದ ಡಬ್ಬಿ. ಕುದುರೆ ವ್ಯಾಪಾರಿಯೊಬ್ಬನದೆಂದು ಹೇಳುವ ಮತ್ತೊಂದರ ಹೊಟ್ಟೆಯಿಂದ ಕುದುರೆಯ ಎತ್ತರ ಅಳೆಯುವ ಅಳತೆಪಟ್ಟಿ ಹೊರಬರುತ್ತಿತ್ತು. ಒಂದಕ್ಕೆ ನಾಯಿಯ ತಲೆ. ಕಿವಿ ಒತ್ತಿದರೆ ಬಾಯಿ ಬಿಡುತ್ತಿತ್ತು. ಹೆರಿಗೆಯಾದ ಮನೆಯವರು ಎಲೆ ಅಡಿಕೆ, ರವಿಕೆ ಕಣ ಕೊಡಲು ಬಂದರೆ ಇವರು ಅಟ್ಟದ ಕಡೆ ಕತ್ತೆತ್ತಿ, "ನಿಮ್ಮ ತಾತನ ಹಳೇ ಕೋಲು ಏನಾದ್ರೂ ಬಿದ್ದಿದ್ರೆ ಅದನ್ನೇ ಕೊಡ್ರಪ್ಪ" ಎನ್ನುತ್ತಿದ್ದರು. ಯಾರಿಗೂ ಬೇಡವಾದ ಕೋಲಾದ್ದರಿಂದ ಯಾರೂ ಇಲ್ಲವೆನ್ನುತ್ತಿರಲಿಲ್ಲ.

ಬೆಳ್ಳಿಯ ಕಥೆ ಬೇರೆ. ಚಿಕ್ಕಬಳ್ಳಾಪುರದ ಅಕ್ಕಸಾಲಿ ಪಾಪಾಚಾರಿಯ ಅಂಗಡಿಗೆ ಕರಗಿಸಲೆಂದು ಬಂದ ಹಳೆಯ ಊಟದ ಸಾಮಾನುಗಳನ್ನು ಮೂಸೆಗೆ ಹಾಕುವ ಮುನ್ನ ತಮಗೊಮ್ಮೆ ತೋರಿಸಬೇಕೆಂದು ಒಪ್ಪಂದ ಮಾಡಿಕೊಂಡಿದ್ದರು. ಮೆಚ್ಚಿಗೆಯಾದರೆ ಅದೇ ತೂಕದ ಹಳೇ ಬೆಳ್ಳಿ ರೂಪಾಯಿಗಳನ್ನಿಟ್ಟು ಬಿಡಿಸಿಕೊಂಡು ಬರುತ್ತಿದ್ದರು. ಹೀಗೆ ಮೂಸೆಯಿಂದ ಪಾರಾಗಿ ಬಂದವು: ಬಳ್ಳಿ ಕೆತ್ತಿದ ಲೋಟ, ಅಂಚಿಗೆ ನವಿಲುಗಳ ಸಾಲಿದ್ದ ತಟ್ಟೆ, ಕೊಕ್ಕಿನಂಥ ಮೂತಿಯ ತುಪ್ಪದ ಮಿಳ್ಳೆ, ಎಂದೋ ಯಾವುದೋ ಮಗುವಿಗೆ ಹಾಲು ಕುಡಿಸಿದ ಒಳಲೆ. ನಂದಿಬೆಟ್ಟದ ಯಾವುದೋ ಬಿಳಿಯ ದೊರೆಯ ಬಂಗಲೆಯಿಂದ ಬಂದ ಬೆಳ್ಳಿ ತಂತಿಯ ಚೌಕಟ್ಟೊಂದರಲ್ಲಿ ಕಾಗದಪತ್ರಗಳನ್ನು ನಿಲ್ಲಿಸುತ್ತಿದ್ದರು. ಅದು ಸುಟ್ಟ ರೊಟ್ಟಿ ಚೂರುಗಳನ್ನು ನಿಲ್ಲಿಸುವ ಸಾಧನವೆಂದು ನಾನು ನನ್ನ ಪಾಂಡಿತ್ಯ ಮೆರೆಸಿದಾಗ ಅವರು ಅದನ್ನು ತಿರುತಿರುಗಿಸಿ ನೋಡಿ, "ರೊಟ್ಟಿ ಅಂಥಾ ತಪ್ಪು ಏನು ಮಾಡಿತ್ತು ಮೇಷ್ಟ್ರೇ, ಜೈಲಿಗೆ ಹಾಕೋಕೆ?" ಎಂದರು. ಭಾನುವಾರದ ಬೆಳಗೆಲ್ಲ ವಿಭೂತಿಯಿಂದ ಬೆಳ್ಳಿ ಉಜ್ಜುವ ಕೆಲಸ. ಗೋಡೆಯ ಮೇಲಿದ್ದ ಬುದ್ಧನ ಪಟ ತೋರಿಸಿ, "ನಮ್ಮ ದೇವರು ವಿಭೂತಿ ಕೇಳಲ್ಲ, ತಟ್ಟೆಗಾದ್ರೂ ಆಗ್ಲಿ, ಅಲ್ವಾ ಮತ್ತೆ?" ಎಂದು ನಗುತ್ತಿದ್ದರು.

ಆ ಬೆಳ್ಳಿಯ ಲೋಟವನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯ ಜಗಲಿಯಲ್ಲಿ, ನನ್ನ ಹೆಂಡತಿ ಶ್ಯಾಮಲಮ್ಮ ಮೊದಲ ಮಗುವನ್ನು ಹೆತ್ತ ದಿನ. ತಾಯಿ ಮಗುವನ್ನು ಕ್ಷೇಮವಾಗಿ ಮಲಗಿಸಿ ನರ್ಸಮ್ಮ ಹೊರಗೆ ಬಂದು ಕುಳಿತಿದ್ದರು. ನನ್ನ ತಾಯಿ, ಅಂಥವರಿಗೆಂದೇ ಹಿತ್ತಲ ಗೂಡಿನಲ್ಲಿಟ್ಟಿದ್ದ ನೆಗ್ಗಿದ ಹಿತ್ತಾಳೆ ಲೋಟವನ್ನು ಅವರ ಮುಂದೆ ದೂರದಲ್ಲಿಟ್ಟು ಕಾಫಿ ಪಾತ್ರೆ ಹಿಡಿದು ನಿಂತರು. ನರ್ಸಮ್ಮ ಲೋಟವನ್ನು ನೋಡಿದರು, ನನ್ನ ತಾಯಿಯನ್ನು ನೋಡಿದರು, ಆಮೇಲೆ ಚೀಲದಿಂದ ಬೆಳ್ಳಿಯ ಲೋಟ ತೆಗೆದು ಕೆಳಗಿಟ್ಟು, "ಇದಕ್ಕೇ ಹಾಕ್ಬಿಡಿ ಅಮ್ಮ. ನಿಮಗ್ಯಾಕೆ ತೊಳೆಯೋ ಕಷ್ಟ?" ಎಂದರು. ಕೋಪವಿಲ್ಲ, ವ್ಯಂಗ್ಯವಿಲ್ಲ. ನಮ್ಮ ಮನೆಯಲ್ಲಿದ್ದ ಬೆಳ್ಳಿಯೆಲ್ಲ ಸೇರಿ ಒಂದು ಕುಂಕುಮದ ಭರಣಿ ಅಷ್ಟೆ. ತಾಯಿ ಮೇಲಿನಿಂದ ಸುರಿದ ಕಾಫಿ ಅರ್ಧ ಹೊರಗೆ ಚೆಲ್ಲಿತು. ನನ್ನ ಮಗುವನ್ನು ಈ ಲೋಕಕ್ಕೆ ತಂದ ಕೈಗಳು ನಮ್ಮ ಲೋಟವನ್ನು ಮುಟ್ಟಬಾರದಿತ್ತು; ಶಾಲೆಯಲ್ಲಿ ಸಮಾನತೆಯ ಪಾಠ ಹೇಳುತ್ತಿದ್ದ ನಾನು ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದೆ. ಆ ಮೌನಕ್ಕೆ ಕ್ಷಮೆ ಕೇಳಲು ಮುಂದಿನ ಭಾನುವಾರ ಅವರ ಮನೆಗೆ ಹೋದಾಗ, ನಾನು ಬಾಯಿ ತೆರೆಯುವ ಮೊದಲೇ ಅವರು ಒಂದು ಪಿಂಗಾಣಿ ಬಟ್ಟಲಿನಲ್ಲಿ ಕಾಫಿ ಕೊಟ್ಟರು. ನಾನು ಕುಡಿದೆ. ನಮ್ಮ ಸ್ನೇಹ ಅಲ್ಲಿಂದ ಮೊದಲಾಯಿತು.

ಅಂದೇ ಅವರು ತಮ್ಮ ಬಾಲ್ಯದ ಒಂದು ಸಂಗತಿ ಹೇಳಿದರು. ಕೆಂಚಾರ್ಲಹಳ್ಳಿ ಕಡೆಯ ದೊಡ್ಡ ಮನೆಯೊಂದರಲ್ಲಿ ಅವರ ತಾಯಿಗೆ ಕೊಟ್ಟಿಗೆ ಕೆಲಸ. ಹಬ್ಬ ಮುಗಿದ ಮೇಲೆ ಆ ಮನೆಯವರು ಬೆಳ್ಳಿಯ ತಟ್ಟೆ ಲೋಟಗಳನ್ನು ತೊಳೆದು ಅಂಗಳದಲ್ಲಿ ಗೋಣಿಯ ಮೇಲೆ ಬಿಸಿಲಿಗೆ ಹರವುತ್ತಿದ್ದರಂತೆ. ಕಾಗೆ ಕಚ್ಚಿಕೊಂಡು ಹೋಗದಂತೆ ಕಾಯಲು ಏಳು ವರ್ಷದ ಮುನಿಗಂಗಳ ಕೈಗೆ ಒಂದು ಉದ್ದ ಕೋಲು ಕೊಟ್ಟು ಮಾರು ದೂರದಲ್ಲಿ ಕೂರಿಸುತ್ತಿದ್ದರಂತೆ. "ಬಿಸಿಲಿಗೆ ಅವು ಹೊಳೆಯೋದು ನೋಡ್ಬೇಕಿತ್ತು ಮೇಷ್ಟ್ರೇ! ಕಾಗೆ ಮುಟ್ಟಿದ್ರೆ ಒಂದ್ಸಲ ತೊಳ್ಕೊಂತಿದ್ರು, ಆಗೋಗ್ತಿತ್ತು. ನಾನು ಮುಟ್ಟಂಗೇ ಇರ್ಲಿಲ್ಲ, ಅಲ್ವಾ ಮತ್ತೆ?" ಬೇರೆ ಯಾರದೋ ಕಥೆ ಹೇಳುವಂತೆ ಹೇಳಿ, ಮಿಳ್ಳೆಯ ಮೂತಿಯನ್ನು ಕಿರುಬೆರಳಿನಿಂದ ಉಜ್ಜತೊಡಗಿದರು.

ಐವತ್ತೆಂಟರ ಬೇಸಗೆಯಲ್ಲಿ ನಡೆದ ಒಂದು ಘಟನೆಯನ್ನು ಹೇಳದೆ ಈ ಚಿತ್ರ ಪೂರ್ಣವಾಗದು. ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಆವುಲಪ್ಪನ ಊರು ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿ. ಅವನ ತಂದೆ ಬಯ್ಯಪ್ಪನವರು ಆ ಊರಿಗೆ ಯಜಮಾನರು. ಅವರ ಕೈಯಲ್ಲಿ ಬೆಳ್ಳಿಯ ಬಸವನ ತಲೆಯಿದ್ದ ಕರೀಮರದ ಕೋಲು. ಆ ಕೋಲಿನ ಮೇಲೆ ನರ್ಸಮ್ಮನಿಗೆ ಬಹಳ ದಿನದ ಆಸೆ. ಸಂತೆಯಲ್ಲಿ ಎರಡು ಸಲ ಕೇಳಿದ್ದಕ್ಕೆ ಅವರು, "ನಾನು ಸಾಯೋವರ್ಗೂ ಇದನ್ನ ಬಿಡಲ್ಲ ಕಣಮ್ಮ" ಎಂದಿದ್ದರು. ಒಂದು ಬೆಳಿಗ್ಗೆ ಆವುಲಪ್ಪ ಶಾಲೆಗೆ ಬರದೆ ನೇರವಾಗಿ ನನ್ನ ಮನೆಗೆ ಬಂದ. ಹೆಂಡತಿ ಗಂಗುಲಮ್ಮನಿಗೆ ಹಿಂದಿನ ದಿನದಿಂದ ನೋವು; ಮಗು ಬರುತ್ತಿಲ್ಲ. ನರ್ಸಮ್ಮನನ್ನು ಕರೆದುಕೊಂಡು ಮೂವರೂ ಜಟಕಾದಲ್ಲಿ ಹೊರಟೆವು.

ಜಗಲಿಗೆ ಹೊಂದಿದ ಕೋಣೆಯಲ್ಲಿ ಮಲಗಿದ್ದ ಗಂಗುಲಮ್ಮನನ್ನು ಪರೀಕ್ಷಿಸಿ ನರ್ಸಮ್ಮ ಎದ್ದು ನಿಂತರು. "ಮಗು ಅಡ್ಡ ಬಿದ್ದಿದೆ. ನನ್ನ ಕೈಲಾಗೋದಲ್ಲ. ಗಾಡಿ ಕಟ್ಸಿ, ಆಸ್ಪತ್ರೆಗೆ ಹೋಗಣ."

ಬಯ್ಯಪ್ಪನವರು ಬಂದು ಬಾಗಿಲಲ್ಲಿ ನಿಂತರು. ಬಾಗಿಲವಾಡಕ್ಕೆ ಭುಜ ಒರಗಿಸಿ, ಮುಂದೆ ಕೋಲನ್ನು ಊರಿ, ದಾರಿ ಕಟ್ಟಿದರು. "ಬೇಡ. ನನ್ನ ಮಗಳು ಚಿಕ್ಕವೆಂಕಟಮ್ಮನ್ನೂ ಹಿಂಗೇ ಗಾಡೀಲಿ ಮಲಗಿಸ್ಕೊಂಡು ಹೋಗಿದ್ದೆ. ದಾರೀಲೇ ಹೋದ್ಲು. ಇವಳು ಇಲ್ಲೇ ಇರ್ಲಿ." ಎದೆಯೊಳಗಿನ ಭಯ ಹೆಚ್ಚಾದಂತೆ ಅವರ 'ಬೇಡ' ತೆಲುಗಿಗೆ ತಿರುಗಿತು: "ವದ್ದು ತಲ್ಲೀ, ವದ್ದು."

"ದಾರಿ ಬಿಡಿ ಯಜಮಾನ್ರೇ" ಎಂದು ನರ್ಸಮ್ಮ ಎರಡು ಸಲ ಹೇಳಿದರು. ಮುಂದೆ ಬಂದು ಆ ಕೋಲನ್ನು ಹಿಡಿದು ಸರ್ರನೆ ಕಿತ್ತುಕೊಂಡರು.

ಬಯ್ಯಪ್ಪನವರು ನಿಂತಲ್ಲಿಯೇ ಬಾಗಿಲವಾಡಕ್ಕೆ ಬೆನ್ನು ಜಾರಿಸುತ್ತ ನೆಲಕ್ಕೆ ಕುಸಿದರು. ಅವರ ಎರಡು ಮೊಣಕಾಲುಗಳೂ ಗಡಗಡ ನಡುಗುತ್ತಿದ್ದವು. ಯಜಮಾನಿಕೆಯ ಗುರುತೆಂದು ಊರೆಲ್ಲ ತಿಳಿದಿದ್ದ ಆ ಕೋಲು ಇಲ್ಲದೆ ಅವರಿಗೆ ನಿಲ್ಲಲೂ ಆಗುತ್ತಿರಲಿಲ್ಲವೆಂಬುದು ಹೆತ್ತ ಮಗನಿಗೂ ಅಂದೇ ತಿಳಿದದ್ದು. ನರ್ಸಮ್ಮನ ಮುಖ ಬಿಳಿಚಿಕೊಂಡಿತು. ಆದರೆ ಒಂದು ಕ್ಷಣ ಮಾತ್ರ. "ಹಿಡ್ಕೊಳ್ಳಪ್ಪ ಆ ಕಡೆ" ಎಂದು ಆವುಲಪ್ಪನಿಗೆ ಹೇಳಿ ಗಂಗುಲಮ್ಮನನ್ನು ಎತ್ತಿದರು. ಆ ಗಡಿಬಿಡಿಯಲ್ಲಿ ಕೋಲೂ ಗಾಡಿಗೆ ಬಂದುಬಿಟ್ಟಿತು. ದಾರಿಯುದ್ದಕ್ಕೂ ಬಸುರಿಯ ಕೈ ಹಿಡಿದು ಕುಳಿತಿದ್ದ ಅವರು ಒಮ್ಮೆ ಮಾತ್ರ, ತಮ್ಮಷ್ಟಕ್ಕೆ ಎಂಬಂತೆ, "ಊರ್ಕೊಂಡಿದ್ದ ಕೋಲು ಕಿತ್ಕೊಂಡೆನಲ್ಲ ಮೇಷ್ಟ್ರೇ" ಎಂದರು.

ಮಧ್ಯಾಹ್ನ ಆಪರೇಷನ್ ಆಯಿತು. ತಾಯಿ ಉಳಿದಳು, ಹೆಣ್ಣುಮಗು. "ಬನ್ನಿ ತಾಯಿ, ಅಡ್ಡಡ್ಡ ಬರೋ ಅಂಥ ಕೋಪ ಏನಿತ್ತು?" ಎಂಬ ದನಿ ಹೊರಗೆ ಕೇಳಿದಾಗ ಆವುಲಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತ.

ಮರುದಿನವೇ ಕೋಲನ್ನು ಆವುಲಪ್ಪನ ಕೈಯಲ್ಲಿ ಕಳಿಸಿದರೆ ಬಯ್ಯಪ್ಪನವರು ಮುಟ್ಟದೆ ಹಿಂದಕ್ಕೆ ಕಳಿಸಿದರು. ಒಂಬತ್ತನೆಯ ದಿನ, ಆಸ್ಪತ್ರೆಯಲ್ಲಿ ಮೊಮ್ಮಗಳನ್ನು ನೋಡಿಕೊಂಡು, ಒಂದು ಬಿದಿರಿನ ಗಳುವನ್ನೂ ಮಗನ ಹೆಗಲನ್ನೂ ಆಶ್ರಯಿಸಿ, ನರ್ಸಮ್ಮನ ಮನೆಯ ಮುಂದೆ ಬಂದು ನಿಂತರು. ನಾನು ಅಲ್ಲಿಯೇ ಇದ್ದೆ. ನರ್ಸಮ್ಮ ಕೋಲನ್ನು ತಂದು, ವಾಡಿಕೆಯಂತೆ ಅವರಿಂದ ದೂರದಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿದು, "ತಪ್ಪಾಯ್ತು ಯಜಮಾನ್ರೇ" ಎಂದರು. ಆವುಲಪ್ಪ ಬಗ್ಗಿ ಎತ್ತಲು ಹೋದ. ಮುದುಕರು ಅವನನ್ನು ತಡೆದರು.

"ನನಗೆ ಬಗ್ಗೋಕಾಗಲ್ಲ ಕಣಮ್ಮ. ನೀನು ಕಿತ್ಕೊಂಡಿದ್ದು ಕೈಯಿಂದ. ಕೈಗೇ ಕೊಡು."

ನರ್ಸಮ್ಮ ಕೋಲನ್ನೆತ್ತಿ ಕೈಗೆ ಕೊಟ್ಟರು. ಕೊಡುವ ಕೈಯೂ ತೆಗೆದುಕೊಳ್ಳುವ ಕೈಯೂ ಒಂದು ಕ್ಷಣ ಬಸವನ ತಲೆಯ ಮೇಲೆ ಒಟ್ಟಿಗಿದ್ದವು. ಮುದುಕರು ಜಗಲಿಯ ಮೇಲೆ ಕುಳಿತು ನೀರು ಕೇಳಿದರು. ನರ್ಸಮ್ಮ ಒಳಗಿನಿಂದ ಬಳ್ಳಿ ಕೆತ್ತಿದ ಬೆಳ್ಳಿಯ ಲೋಟದಲ್ಲಿ ನೀರು ತಂದರು. ಬಯ್ಯಪ್ಪನವರು ಲೋಟವನ್ನು ನೋಡಿ, ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವವರಂತೆ, "ಬೆಳ್ಳಿಗೆ ಮೈಲಿಗೆ ಇಲ್ಲ ಬಿಡು" ಎಂದರು.

ಚಾಚಿದ್ದ ಕೈಯನ್ನು ನರ್ಸಮ್ಮ ಹಿಂದಕ್ಕೆಳೆದುಕೊಂಡರು. "ಹಂಗಾದ್ರೆ ತಾಳಿ" ಎಂದು ಒಳಗೆ ಹೋಗಿ, ತಾವು ದಿನವೂ ಕುಡಿಯುತ್ತಿದ್ದ, ಅಂಚು ಕಿತ್ತುಹೋದ ಎನಾಮಲ್ ಲೋಟದಲ್ಲಿ ನೀರು ತಂದು ಹಿಡಿದರು. ಬೀದಿಯಲ್ಲಿ ಇಬ್ಬರು ಮೂವರು ನಿಂತು ನೋಡುತ್ತಿದ್ದರು. ಮುದುಕರು ಆ ಲೋಟವನ್ನು ನೋಡಿದರು. ನರ್ಸಮ್ಮನ ಮುಖವನ್ನು ನೋಡಿದರು. ಆಮೇಲೆ ನಿಧಾನವಾಗಿ ಎರಡೂ ಕೈಯಿಂದ ತೆಗೆದುಕೊಂಡು, ತುಟಿಗೆ ಹಚ್ಚಿ, ತಳದವರೆಗೂ ಕುಡಿದರು.

"ಇನ್ನೊಂದಿಷ್ಟು ಹಾಕಮ್ಮ. ಬಿಸಿಲು ಜಾಸ್ತಿ" ಎಂದರು.

ಅಂದಿನಿಂದ ನರ್ಸಮ್ಮನ ಗೋಡೆಯ ಕೋಲುಗಳು ಒಂದೊಂದಾಗಿ ಕಡಿಮೆಯಾಗತೊಡಗಿದವು. ಊರಿಂದೂರಿಗೆ ಹೋಗುವಾಗ ಈಗ ಅವರ ಕಣ್ಣು ಅಟ್ಟಗಳನ್ನು ಬಿಟ್ಟು ಜನರ ಮೊಣಕಾಲುಗಳನ್ನು ನೋಡುತ್ತಿತ್ತು. ಪೀಠವಾಗುವ ಕೋಲು ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬನಿಗೆ ಹೋಯಿತು. ನಿಂತು ನಿಂತು ಅವನ ಸೊಂಟ ಬಿದ್ದುಹೋಗಿತ್ತು. ನಾಯಿತಲೆಯದು ಕಳವಾರದ ಅಕ್ಕಯಮ್ಮನೆಂಬ ಕುರುಡಿಗೆ. ಅದರ ಬಾಯಿ ತೆರೆದು ಮುಚ್ಚಿ ಮೊಮ್ಮಕ್ಕಳನ್ನು ಹೆದರಿಸುವುದೇ ಆ ಮುದುಕಿಗೆ ಸಂಭ್ರಮವಾಯಿತಂತೆ. ನನಗೆ ಗೌರಿಬಿದನೂರಿಗೆ ವರ್ಗವಾಗಿ, ಅರವತ್ತಾರರಲ್ಲಿ ಒಮ್ಮೆ ಅವರನ್ನು ನೋಡಲು ಹೋದಾಗ ಗೋಡೆಯಲ್ಲಿ ಉಳಿದದ್ದು ಬರೀ ಮೊಳೆಗಳು. ನಿವೃತ್ತರಾಗಿದ್ದರು, ತಲೆ ಪೂರ್ತಿ ನೆರೆತಿತ್ತು. ನವಿಲಿನ ತಟ್ಟೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಬಡಿಸಿಕೊಂಡು ಊಟಕ್ಕೆ ಕುಳಿತಿದ್ದವರು ನನಗೂ ಒಂದು ಬೆಳ್ಳಿಯ ತಟ್ಟೆ ಹಾಕಿದರು. ಕೋಲುಗಳನ್ನು ಕೊಟ್ಟ ಹಾಗೆ ಇವನ್ನೂ ಯಾರಿಗಾದರೂ ಕೊಡುವ ಯೋಚನೆಯೇ ಎಂದು ನಾನು ಉಪದೇಶದ ದನಿಯಲ್ಲಿ ಕೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಕೋಲು ಕಾಲಿಲ್ಲದೋರಿಗೆ ಬೇಕು, ಕೊಟ್ಟೆ. ಬೆಳ್ಳಿ ಯಾಕೆ ಕೊಡ್ಲಿ ಮೇಷ್ಟ್ರೇ? ನನಗೆ ಇಷ್ಟ."

ವಸ್ತುಸಂಗ್ರಹದ ಗೀಳಿನವರನ್ನು ಆಮೇಲೆ ಬೇರೆ ಬೇರೆ ಊರುಗಳಲ್ಲಿ ಹಲವರನ್ನು ಕಂಡಿದ್ದೇನೆ. ಕಪಾಟಿಗೆ ಬೀಗ ಹಾಕುವವರು, ಬಂದವರಿಗೆ ಬೆಲೆ ಹೇಳುವವರು ಅವರಲ್ಲಿ ಹೆಚ್ಚು. ಆದರೆ ಅಪರೂಪಕ್ಕೆ ಇನ್ನೊಂದು ಬಗೆಯವರು ಇರುತ್ತಾರೆ. ನೋಡಬಹುದು, ಮುಟ್ಟಬಾರದು ಎಂದು ಲೋಕ ಅವರನ್ನು ಎಳೆಯ ವಯಸ್ಸಿನಲ್ಲಿ ದೂರ ಕೂರಿಸಿರುತ್ತದೆ. ಅವರು ಅದಕ್ಕಾಗಿ ಲೋಕವನ್ನು ಶಪಿಸುತ್ತ ಕೂರದೆ, ದುಡಿದು, ಅಲೆದು, ಒಂದೊಂದೇ ವಸ್ತುವನ್ನು ಮನೆಗೆ ತಂದು, ತಮ್ಮ ಕೈಯಿಂದಲೇ ಉಜ್ಜಿ ಬೆಳಗುತ್ತಾರೆ. ಇಂಥವರಿಂದ ನಾವು ತ್ಯಾಗವನ್ನು ನಿರೀಕ್ಷಿಸುತ್ತೇವೆ, ಏಕೆಂದರೆ ಅವರು ಬಿಟ್ಟುಕೊಟ್ಟರೆ ನಮ್ಮ ಮನಸ್ಸಿನ ಭಾರ ಇಳಿಯುತ್ತದೆ. ಅವರು ಕೊಡುವುದೂ ಉಂಟು, ಬೇಕಾದವರಿಗೆ, ಧಾರಾಳವಾಗಿ. ಆದರೂ ಯಾರಿಗೂ ಕಾರಣ ಹೇಳದೆ, ಚೆಂದವಾಗಿದೆ ಎಂಬ ಒಂದೇ ಸಂತೋಷಕ್ಕೆ ಏನನ್ನಾದರೂ ತಮ್ಮದಾಗಿ ಇಟ್ಟುಕೊಳ್ಳುವ ಹಕ್ಕನ್ನು ಅವರು ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಲೂ ಬಾರದು.