ಎಡಕ್ಕೆ ಬಿದ್ದ ಎಸಳು

ಕುಪ್ಪಗಡ್ಡೆಯ ಕಡೆಯ ಆ ಊರಿನಲ್ಲಿ ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಅಮ್ಮನವರ ಹತ್ತಿರ ಹೂ ಕೇಳುತ್ತಾರೆ. ಬಾವಿ ತೋಡಿಸುವುದಿರಲಿ, ಹೆಣ್ಣು ನೋಡುವುದಿರಲಿ, ಆಪರೇಷನ್ ಇರಲಿ. ಪೂಜಾರಿ ಒದ್ದೆ ಎಸಳುಗಳನ್ನು ಅಮ್ಮನವರ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವವರು ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಬಾರದು, ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಬಲಗಡೆಯ ಎಸಳು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಒಂದೇ ಮಾತನ್ನು ಎರಡು ಸಲ ಕೇಳುವಂತಿಲ್ಲ.

ಆ ಮಂಗಳವಾರ ಲೋಕಮ್ಮ ಬಂದದ್ದು ಮಗಳ ಓದಿನ ಸಲುವಾಗಿ. ಪಿಯುಸಿ ಮುಗಿಸಿದ್ದ ನರ್ಮದಾಗೆ ಶಿಕಾರಿಪುರದ ಡಿಗ್ರಿ ಕಾಲೇಜಿಗೆ ಅರ್ಜಿ ಹಾಕಲು ಅದೇ ಕಡೇ ದಿನ. ಮುಟ್ಟಾಗಿದ್ದರಿಂದ ಅವಳು ಒಳಗೆ ಬರದೆ ರಸ್ತೆಯ ಆಚೆ ಫೋನು ಹಿಡಿದು ಕಾಯುತ್ತಿದ್ದಳು. ಲೋಕಮ್ಮನ ಕೈಯಲ್ಲಿ ಕೋರ್ಸುಗಳ ಪಟ್ಟಿ. ಇತಿಹಾಸ, ಅರ್ಥಶಾಸ್ತ್ರ, ವಾಣಿಜ್ಯ, ಗಣಿತ, ರಸಾಯನ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸಮಾಜಕಾರ್ಯ... ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅವಳಿಗೆ, ದೇವರು ಒಂದೇ ಮಾಡಿದ ಲೋಕವನ್ನು ಇಷ್ಟು ಹೋಳು ಮಾಡಿ ಓದುತ್ತಾರೆಂಬುದೇ ಹೊಸದು.

"ಇಷ್ಟಕ್ಕೂ ಕೇಳ್ತೀಯೇನೆ?" ಪೂಜಾರಿ ಉಜ್ಜಪ್ಪ ಪಟ್ಟಿ ನೋಡಿ ನಕ್ಕ. "ಅಮ್ಮನವ್ರಿಗೇ ಪರೀಕ್ಷೆ ಇಟ್ಯಲ್ಲ ಮಾರಾಯ್ತಿ!"

"ಎರಡೇ ಕೇಳದು ಉಜ್ಜಪ್ಪಣ್ಣ."

ಮೊದಲು ಮನಸ್ಸಿನಲ್ಲೇ ಪ್ರಾಣಿಶಾಸ್ತ್ರ ಕೇಳಿದಳು. ಮಗಳಿಗೆ ಬೇಕಿದ್ದುದು ಅದೇ. ಚಿಕ್ಕವಳಿದ್ದಾಗಿನಿಂದ ಕಟ್ಟಿರುವೆಯ ಸಾಲಿನ ಹಿಂದೆ ಊಟ ಮರೆತು ಹೋಗುತ್ತಿದ್ದ ಹುಡುಗಿ. ಎಡಗಡೆಯ ಎಸಳು ತಡಮಾಡದೆ ಬಿತ್ತು. ವಾಣಿಜ್ಯ ಕೇಳಿದಳು. ಬಲಕ್ಕೆ ಬಿತ್ತು.

ಹೊರಗೆ ಬಂದಾಗ ನರ್ಮದಾ ಓಡಿ ಬಂದಳು. "ಅವ್ವ, ಎಂತ ಅಂದ್ರು ಅಮ್ಮನವ್ರು? ಪ್ರಾಣಿಶಾಸ್ತ್ರಕ್ಕೆ ಎಂತ ಅಂದ್ರು?"

ಆ ಮುಖ ನೋಡಿ ಲೋಕಮ್ಮನ ಬಾಯಿ ತಾನಾಗಿಯೇ ಹೇಳಿಬಿಟ್ಟಿತು: "ಬಲಕ್ಕೇ ಕೊಟ್ರು ಕಣೆ."

ಹಾಗೆ, ಅಮ್ಮನವರಿಗೂ ತನಗೂ ಮಾತ್ರ ಗೊತ್ತಿದ್ದ ಒಂದು ಸುಳ್ಳು ಲೋಕಮ್ಮನ ಹೊಟ್ಟೆಯಲ್ಲಿ ಕೂತಿತು. ದೀಪ ಹಚ್ಚುವಾಗ ಪಟದ ಕಡೆ ಕಣ್ಣೆತ್ತಿ ನೋಡುವುದನ್ನೇ ಬಿಟ್ಟಳು. ನರ್ಮದಾ ಪ್ರಾಣಿಶಾಸ್ತ್ರಕ್ಕೆ ಸೇರಿ ಶಿಕಾರಿಪುರದ ಹಾಸ್ಟೆಲಿಗೆ ಹೋದಳು. ಎರಡು ವರ್ಷ ಏನೂ ಆಗಲಿಲ್ಲ. ಏನೂ ಆಗದಿರುವುದೇ ಅವಳಿಗೆ ಹೆದರಿಕೆ.

ಮೂರನೆಯ ವರ್ಷ, ಮಾಘದಲ್ಲಿ, ಹಾಸ್ಟೆಲಿನಿಂದ ಫೋನು ಬಂತು. "ಅವ್ವ, ನಮ್ ಪ್ರಾಜೆಕ್ಟು ದನದ ಮೈಗೆ ಕಚ್ಕಂತವಲ್ಲ, ಆ ಉಣುಗಿನ ಮೇಲೆ. ವಿಭಾ ಮೇಡಮ್ ಕ್ಯಾಸನೂರು ಕಾಡಿನಂಚಿಗೆ ಕರ್ಕಂಡು ಹೋತಾರೆ. ಬಿಳಿ ಬಟ್ಟೆ ನೆಲದ ಮೇಲೆ ಎಳದ್ರೆ ಉಣುಗು ಹತ್ಕಂತವೆ, ಎಣಿಸದು ಅಷ್ಟೇ."

ಲೋಕಮ್ಮನ ಅಕ್ಕ ಹುಲಿಯಮ್ಮ ಅದೇ ಕಾಡಿಗೆ ದರಗು, ಒಣಗಿದ ಎಲೆ, ಗುಡಿಸಿ ತರಲು ಹೋಗಿ, ಉಣುಗು ಕಚ್ಚಿ, ಮಂಗನ ಕಾಯಿಲೆಯಲ್ಲಿ ತೀರಿಹೋದವಳು. ಮೂಗಿನಲ್ಲಿ ರಕ್ತ ಬರುತ್ತಿದ್ದುದನ್ನು ತನ್ನ ಸೆರಗಿನಲ್ಲೇ ಒರೆಸಿದ್ದಳು ಲೋಕಮ್ಮ. ಅಮ್ಮನವರು ಬೇಡ ಎಂದದ್ದು ಇದಕ್ಕೇ ಎಂದು ಈಗ ತಿಳಿಯಿತು. ಹೋಗಬೇಡ ಎನ್ನಲು ಬಾಯಿ ತೆರೆದಳು. ಅಮ್ಮನವ್ರೇ ಕೊಟ್ಟಿದ್ದಲ್ಲ, ಯಾಕೆ ಎಂದು ಮಗಳು ಕೇಳಿದರೆ? ಬಾಯಿ ಮುಚ್ಚಿದಳು.

ಕಚ್ಚಿದ ಎಂಟು ದಿನದೊಳಗೆ ಜ್ವರ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಗಳು ಕಾಡಿಗೆ ಹೋದ ದಿನದಿಂದ ಎಣಿಸಿದಳು. ಆರನೆಯ ದಿನ ವಿಭಾ ಮೇಡಮ್ ಫೋನು ಮಾಡಿದರು.

ಶಿಕಾರಿಪುರದ ಆಸ್ಪತ್ರೆಯಲ್ಲಿ ನರ್ಮದಾಳ ಮೈ ಕಾವಲಿಯಂತೆ ಸುಡುತ್ತಿತ್ತು. ಮೇಡಮ್ ಎದ್ದು ಕುರ್ಚಿ ಬಿಟ್ಟುಕೊಟ್ಟರು. "ರಕ್ತ ಶಿವಮೊಗ್ಗಕ್ಕೆ ಕಳ್ಸಿದೀವಿ ಲೋಕಮ್ಮೋರೇ. ನಾಳೆ ಗೊತ್ತಾಗುತ್ತೆ. ಬರೀ ಜ್ವರಾನೂ ಇರ್ಬಹುದು ರೀ, ಹೆದರ್ಬೇಡಿ."

ಅವರು ಹೊರಗೆ ಹೋದದ್ದೇ ತಡ, ಲೋಕಮ್ಮ ಮಗಳ ಕಾಲು ಹಿಡಿದುಕೊಂಡಳು. "ತಪ್ಪಾತು ಮಗಳೇ. ಅವತ್ತು ಎಸಳು ಎಡಕ್ಕೆ ಬಿದ್ದಿತ್ತು. ನಾನೇ ಸುಳ್ಳು ಹೇಳ್ದೆ."

ನರ್ಮದಾ ಒಣಗಿದ ತುಟಿಯಲ್ಲಿ ಹೇಳಿದಳು: "ಅಮ್ಮನವ್ರೇ ಕೊಟ್ಟಿದ್ದು ಅಂತ ಎಲ್ಲರ್ಗಿಂತ ಮುಂದೆ ನಾನೇ ಬಟ್ಟೆ ಎಳ್ಕಂಡು ಹೋಗಿದ್ದು ಕಣವ್ವ. ಬೂಟ್ ಕೊಟ್ರೂ ಹಾಕಿರ್ಲಿಲ್ಲ. ನಂಗೇನಾತದೆ ಅಂತ."

ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ಅಲ್ಲಿಯವರೆಗೆ ಬರೀ ಜ್ವರವಿದ್ದ ಆ ಕಣ್ಣಿನೊಳಗೆ ಈಗ ದಿಗಿಲು ಬಂದು ಕೂತಿತ್ತು. ಲೋಕಮ್ಮ ಅದನ್ನು ಕಂಡಳು. ತನ್ನ ಭಾರ ಇಳಿಯಲೆಂದು ಅದನ್ನು ಮಲಗಿದ ಮಗುವಿನ ಎದೆಯ ಮೇಲೆ ಇಟ್ಟೆನಲ್ಲಾ ಎನ್ನಿಸಿತು. ಮುಂದೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು, ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಬೆಚ್ಚುತ್ತ ರಾತ್ರಿ ಕಳೆದರು.

ಮರುದಿನ ಮಧ್ಯಾಹ್ನ ಮೇಡಮ್ ಓಡುತ್ತಲೇ ಬಂದರು. ಮಂಗನ ಕಾಯಿಲೆ ಅಲ್ಲ. ಲೋಕಮ್ಮ ಗೋಡೆಗೆ ಹಣೆ ಹಚ್ಚಿ ಅತ್ತಳು. ನರ್ಮದಾ ಅಳಲೂ ಇಲ್ಲ, ನಗಲೂ ಇಲ್ಲ.

ಸಂಜೆ ಗಂಜಿ ಕುಡಿದು ಹೇಳಿದಳು: "ಇನ್ನೂ ಮೂರು ಸಲ ಕಾಡಿಗೆ ಹೋಗದು ಇದೆ. ಬಿಟ್ರೆ ಈ ಓದೇ ಬಿಟ್ಟಂಗೆ. ನೀ ಬ್ಯಾಡ ಅಂದ್ರೆ ಬಿಡ್ತೀನಿ. ಆದ್ರೆ ಅಮ್ಮನವ್ರ ಹೆಸ್ರಲ್ಲಿ ಹೇಳ್ಬ್ಯಾಡ. ನಿನ್ ಬಾಯಲ್ಲಿ ಹೇಳು."

ಲೋಕಮ್ಮನಿಗೆ ಅಕ್ಕನ ಮೂಗಿನ ರಕ್ತ ಕಂಡಿತು. ಮಂಚದ ಕೆಳಗೆ ಚೀಲದಲ್ಲಿದ್ದ ಪುಸ್ತಕಗಳೂ ಕಂಡವು. ಹೆದರಿಕೆ ಇದ್ದರೂ ಉಣುಗಿನ ಗುಟ್ಟು ತಿಳಿಯಲೆಂದು ಒಬ್ಬರಾದರೂ ಆ ಕಾಡಿಗೆ ಹೋಗದಿದ್ದರೆ ಅಕ್ಕನಂಥವರು ಇನ್ನೆಷ್ಟು ಮಂದಿ ಸಾಯಬೇಕು? ತಾಯೇ, ಇದು ನಾನು ಹೇಳುವ ಮಾತು, ನಿನ್ನದಲ್ಲ. ಸಿಟ್ಟಿದ್ದರೆ ನನ್ನ ಮೇಲಿರಲಿ, ಎಂದುಕೊಂಡಳು.

"ಹೋಗು. ಬೂಟ್ ಹಾಕ್ಕಂಡು ಹೋಗು. ಮುಂದೆ ಹೋಗ್ಬ್ಯಾಡ."

"ಹೆದರ್ಕೆ ಆತದೆ ಅವ್ವ."

"ನಂಗೂ ಆತದೆ."

ಹದಿನೈದು ದಿನ ಬಿಟ್ಟು ಒಂದು ಗುರುವಾರ ನರ್ಮದಾ ಮತ್ತೆ ಕಾಡಿಗೆ ಹೋದಳು. ಅಂದು ಶಾಲೆಯಲ್ಲಿ ಲೋಕಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಕ್ಕಳು ಮುಖ ಕಿವುಚಿಕೊಂಡು ಉಂಡವು. ಪಾತ್ರೆ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಅವಳು ಆ ಗುರುವಾರದ ಮೇಲೆ ಬೆರಳಿಟ್ಟಳು. ಮುಂದಿನ ಎಂಟು ದಿನಗಳ ಮನೆಗಳ ಮೇಲೆ ಒಂದೊಂದಾಗಿ ಬೆರಳು ಸರಿಸಿದಳು.